ಗಡಿ ಬೆಟ್ಟವೇರಿದ ಊರು

ನಗೋಯಾ ನಗರದಿಂದ ಈಶಾನ್ಯದ ಪರ್ವತಗಳತ್ತ ಹೊರಡುವ ವೇಗದ ರೈಲಿನ ಹೆಸರು 'ಶಿನಾನೊ'. ಜಪಾನಿನ ಇಂದಿನ ಆಡಳಿತ ಭೂಪಟವನ್ನು ಎಷ್ಟು ಹುಡುಕಿದರೂ ಈ ಹೆಸರಿನ ಪ್ರಾಂತ ಸಿಗುವುದಿಲ್ಲ. ಗಾಡಿ ಹಾದುಹೋಗುವುದು ಐಚಿ, ಗಿಫು, ನಗಾನೊ ಎಂಬ ಮೂರು ಪ್ರಿಫೆಕ್ಚರುಗಳ ಮೂಲಕ. ಆದರೂ ಟಿಕೇಟಿನ ಮೇಲೆ ಶಿನಾನೊ, ಫಲಕದ ಮೇಲೆ ಶಿನಾನೊ, ಧ್ವನಿವರ್ಧಕದಲ್ಲೂ ಅದೇ. ಮುಕ್ಕಾಲು ಗಂಟೆ ಸಾಗಿದ ಮೇಲೆ ಕಿಟಕಿಯಾಚೆ ಒಂದು ಸಣ್ಣ ನಿಲ್ದಾಣ ಸರಿದುಹೋಯಿತು: ಮಿನೊ-ಸಕಾಮೊತೊ. ಮಿನೊ ಎಂಬ ಪ್ರಾಂತವೂ ಇಂದು ಇಲ್ಲ. ಸಕಾಮೊತೊ ಎಂಬ ಹೆಸರಿನ ಊರುಗಳು ಆ ದೇಶದಲ್ಲಿ ಹಲವಿರುವುದರಿಂದ, ಇದು ಯಾವ ಸಕಾಮೊತೊ ಎಂದು ತಿಳಿಸಲು ರೈಲ್ವೆಯವರು ಹಳೆಯ ನಾಡಿನ ಹೆಸರನ್ನು ಅದರ ಮುಂದೆ ಹಚ್ಚಿದ್ದಾರೆ. ನಮ್ಮ ಮನೆಗಳಲ್ಲಿ ತೀರಿಹೋದ ಹಿರಿಯರ ಹೆಸರನ್ನು ಮೊಮ್ಮಕ್ಕಳ ಹೆಸರಿನ ಮುಂದೆ ಸೇರಿಸುವ ಪದ್ಧತಿ ನೆನಪಾಯಿತು.

ಮಂಜೇಶ್ವರದ ಕಡೆಯ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ಮೂವತ್ತು ವರ್ಷ ಸಮಾಜ ಪಾಠ ಹೇಳಿದವನು ನಾನು. ಗೋಡೆಯ ಮೇಲಿನ ಭೂಪಟಕ್ಕೆ ಕೋಲು ತೋರಿಸುತ್ತ, ಗಡಿಗೆರೆಗಳನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತ ಕಾಲ ಕಳೆದವನಿಗೆ, ಗೆರೆ ಸರಿದ ಊರೊಂದನ್ನು ಕಣ್ಣಾರೆ ಕಾಣಬೇಕೆಂಬ ಆಸೆ ಇತ್ತು. ಮಗಳು ನಗೋಯಾದಲ್ಲಿ ಉದ್ಯೋಗದಲ್ಲಿರುವ ಕಾರಣ ಅಲ್ಲಿಗೆ ಹೋಗುವ ಯೋಗ ಒದಗಿತು. ದೇವಾಲಯಗಳ ಕ್ಯೋತೊ ನಗರಕ್ಕೆ ಹೋಗೋಣವೆಂದು ಆಕೆ ಎಷ್ಟು ಹೇಳಿದರೂ ಕೇಳದೆ, ಮೊದಲು ಮಾಗೊಮೆಗೆ ಕರೆದೊಯ್ಯುವಂತೆ ಹಟ ಹಿಡಿದೆ. ಕಿಸೊ ಕಣಿವೆಯ ದಕ್ಷಿಣ ತುದಿಯಲ್ಲಿ ಬೆಟ್ಟದ ಏರಿಗೆ ಅಂಟಿಕೊಂಡಂತಿರುವ ಈ ಪುಟ್ಟ ಊರು, 2005ರ ಫೆಬ್ರವರಿ 13ರಂದು, ಇದ್ದಲ್ಲೇ ಇದ್ದು, ನಗಾನೊ ಪ್ರಿಫೆಕ್ಚರನ್ನು ಬಿಟ್ಟು ಗಿಫು ಪ್ರಿಫೆಕ್ಚರಿಗೆ ಸೇರಿತು.

ಊರಿಗೆ ಹೋಗುವ ಮೊದಲು ನಾಡಿನ ಮಾತು ಆಗಬೇಕು. ಜಪಾನಿ ಭಾಷೆಯಲ್ಲಿ 'ಕುನಿ' ಎಂಬುದೊಂದು ಪದವಿದೆ. ದೇಶ ಎಂಬುದು ಅದರ ಅರ್ಥ. ಹುಟ್ಟೂರಿನ ಸೀಮೆ ಎಂಬುದೂ ಅದರ ಅರ್ಥವೇ. ಪರವೂರಿನಲ್ಲಿ ಭೇಟಿಯಾದ ಇಬ್ಬರು ಪರಸ್ಪರ ಯಾವ ಕಡೆಯವರೆಂದು ವಿಚಾರಿಸುವಾಗ ಈ ಪದವನ್ನೇ ಬಳಸುತ್ತಾರೆ. ಕನ್ನಡದ 'ನಾಡು' ಎಂಬ ಪದಕ್ಕೆ ಇಷ್ಟು ಸಮೀಪವಾದ ಮತ್ತೊಂದು ಪದ ಪರಭಾಷೆಯಲ್ಲಿ ಸಿಗುವುದು ವಿರಳ. ಏಳನೆಯ ಶತಮಾನದಲ್ಲಿ ಚೀನಾದ ಮಾದರಿಯನ್ನು ಅನುಸರಿಸಿ ಆಡಳಿತವನ್ನು ಕಟ್ಟಲು ಹೊರಟ ಜಪಾನಿನ ಅರಸೊತ್ತಿಗೆ ದೇಶವನ್ನು ಇಂಥ ಕುನಿಗಳಾಗಿ ವಿಂಗಡಿಸಿತು. 701ರ ತೈಹೋ ಸಂಹಿತೆ ಈ ಏರ್ಪಾಟಿಗೆ ಶಾಸನದ ರೂಪ ಕೊಟ್ಟಿತು. ಪ್ರತಿ ನಾಡಿಗೂ ರಾಜಧಾನಿಯಿಂದ ಒಬ್ಬ ಅಧಿಕಾರಿ, ಅವನಿಗೊಂದು ಕಚೇರಿಯೂರು. 741ರ ತರುವಾಯ ಪ್ರತಿ ನಾಡಿಗೂ ಒಂದೊಂದು ಸರಕಾರಿ ಬೌದ್ಧ ವಿಹಾರ. ಹತ್ತನೆಯ ಶತಮಾನದ 'ಎಂಗಿಶಿಕಿ' ಎಂಬ ಆಡಳಿತ ಗ್ರಂಥದ ಹೊತ್ತಿಗೆ 66 ನಾಡುಗಳೂ ಎರಡು ದ್ವೀಪಗಳೂ ಲೆಕ್ಕಕ್ಕೆ ನಿಂತವು. ಆ ಎಣಿಕೆಯೇ ಸಾವಿರ ವರ್ಷ ಹೆಚ್ಚು ಕಡಿಮೆ ಹಾಗೆಯೇ ಉಳಿಯಿತು.

ಈ ಹೆಸರುಗಳಲ್ಲಿ ಒಂದು ಸೊಗಸಿದೆ. ಹಲವು ರಾಜಧಾನಿಯಲ್ಲಿ ಕುಳಿತು ದೂರವನ್ನು ಅಳೆದವನ ಕಣ್ಣಿನಿಂದ ಹುಟ್ಟಿದಂಥವು. ಓಮಿ ಎಂದರೆ ಹತ್ತಿರದ ಸಿಹಿನೀರಿನ ನಾಡು. ಅದು ಬಿವಾ ಸರೋವರದ ಸೀಮೆ. ತೋತೋಮಿ ಎಂದರೆ ದೂರದ ಸಿಹಿನೀರಿನ ನಾಡು, ಹಮಾನಾ ಸರೋವರದ್ದು. ಉತ್ತರ ತೀರದ ಕೋಶಿ ಎಂಬ ಉದ್ದನೆಯ ಸೀಮೆಯನ್ನು ಮೂರಾಗಿ ಸೀಳಿದಾಗ ರಾಜಧಾನಿಗೆ ಹತ್ತಿರದ್ದು ಎಚಿಜೆನ್, ಅಂದರೆ ಮುಂದಿನ ಕೋಶಿ, ನಡುವಿನದು ಎಚ್ಚೂ, ಹಿಂದಿನದು ಎಚಿಗೊ. ತೋಕ್ಯೊ ಕೊಲ್ಲಿಯ ಪೂರ್ವಕ್ಕಿದ್ದ ಎರಡು ನಾಡುಗಳಲ್ಲಿ ಕಜುಸಾ ಎಂದರೆ ಮೇಲಿನದು, ಶಿಮೋಸಾ ಎಂದರೆ ಕೆಳಗಿನದು. ಭೂಪಟವನ್ನು ನೋಡಿದರೆ ಮೇಲಿನದು ದಕ್ಷಿಣಕ್ಕಿದೆ, ಕೆಳಗಿನದು ಉತ್ತರಕ್ಕಿದೆ! ಮಕ್ಕಳು ಇದನ್ನು ತಪ್ಪೆಂದು ಹೇಳಿಯಾರು. ಆ ಕಾಲದ ದಾರಿಯು ಪಶ್ಚಿಮದಿಂದ ಬಂದು ಕೊಲ್ಲಿಯನ್ನು ದೋಣಿಯಲ್ಲಿ ದಾಟಿ ದಕ್ಷಿಣದ ತೀರವನ್ನು ಮೊದಲು ಮುಟ್ಟುತ್ತಿತ್ತು. ಆದುದರಿಂದ ಮೊದಲು ಸಿಕ್ಕಿದ್ದು ಮೇಲಿನದಾಯಿತು. ಅಲ್ಲಿ ಮೇಲೆ ಎಂದರೆ ಉತ್ತರವಲ್ಲ, ರಾಜಧಾನಿಯ ಕಡೆ.

713ರಲ್ಲಿ ಇನ್ನೊಂದು ಆಜ್ಞೆ ಹೊರಟಿತು. ನಾಡು, ಜಿಲ್ಲೆ, ಊರುಗಳ ಹೆಸರುಗಳನ್ನು ಮಂಗಳಕರವಾದ ಅಕ್ಷರಗಳಲ್ಲಿ ಬರೆಯತಕ್ಕದ್ದು. ಪ್ರತಿ ನಾಡೂ ತನ್ನ ಉತ್ಪನ್ನ, ಮಣ್ಣಿನ ಗುಣ, ಸ್ಥಳನಾಮಗಳ ಮೂಲ, ವೃದ್ಧರು ಹೇಳುವ ಹಳೆಯ ಕತೆ ಇವನ್ನೆಲ್ಲ ದಾಖಲಿಸಿ ಕಳುಹಿಸತಕ್ಕದ್ದು. ಹೀಗೆ ಸಿದ್ಧವಾದವು 'ಫುದೋಕಿ' ಎಂಬ ನಾಡವರ್ಣನೆಗಳು. 733ರ ಇಜುಮೊ ನಾಡಿನದೊಂದೇ ಹೆಚ್ಚುಕಡಿಮೆ ಪೂರ್ಣವಾಗಿ ನಮ್ಮವರೆಗೆ ಬಂದಿದೆ. ಹೆಸರಿಗೆ ಎರಡೇ ಚೀನೀ ಲಿಪಿಚಿಹ್ನೆ ಇರಬೇಕೆಂಬ ಕಟ್ಟಳೆಯ ದೆಸೆಯಿಂದ ವಿನೋದಗಳೂ ನಡೆದವು. ಚಿಲುಮೆ ಎಂಬರ್ಥದ ಒಂದೇ ಚಿಹ್ನೆಯಲ್ಲಿ ಬರೆಯುತ್ತಿದ್ದ ಇಜುಮಿ ನಾಡಿಗೆ ಮತ್ತೊಂದು ಚಿಹ್ನೆಯನ್ನು ಮುಂದೆ ಅಂಟಿಸಿದರು. ಉಚ್ಚಾರಣೆಯಲ್ಲಿ ಅದಕ್ಕೆ ಕೆಲಸವೇ ಇಲ್ಲ. ಬರೆಯುವುದುಂಟು, ಓದುವುದಿಲ್ಲ. ಮಿನೊ ನಾಡಿನ ಹೆಸರಿನ ಮೊದಲಿಗೆ ಆಗ ಬಂದು ಕುಳಿತದ್ದು 'ಸುಂದರ' ಎಂಬ ಚಿಹ್ನೆ.

ಅದೇ 713ರಲ್ಲಿ ಮಿನೊ ಮತ್ತು ಶಿನಾನೊ ನಾಡುಗಳ ನಡುವೆ ಕಿಸೊ ದಾರಿಯೂ ತೆರೆಯಿತು. ದುರ್ಗಮವಾದ ಘಾಟಿಯನ್ನು ಬಿಟ್ಟು ನದಿಯ ಕಣಿವೆಯನ್ನು ಹಿಡಿದು ಹೋಗುವ ಮಾರ್ಗವದು. ದಾರಿ ಬಂದಲ್ಲಿ ತಕರಾರು ಬರಬೇಕಷ್ಟೆ. ಕಿಸೊ ಕಣಿವೆ ಯಾರದು ಎಂದು ಎರಡು ನಾಡುಗಳೂ ಜಗಳಾಡಿ, ಕೊನೆಗೆ 879ರಲ್ಲಿ ಅರಸನ ಅಧಿಕಾರಿಗಳು ಸ್ಥಳಕ್ಕೆ ಬಂದು ತೀರ್ಪು ಕೊಟ್ಟರು: ಗಡಿ ಇರುವುದು ಕಣಿವೆಯ ಉತ್ತರದ ತಲೆಯ ಬೆಟ್ಟದ ಮೇಲೆ, ಕಿಸೊ ಮಿನೊ ನಾಡಿಗೆ ಸೇರಿದ್ದು. ಆ ಬೆಟ್ಟ ಇಂದಿನ ತೊರಿಯಿ ಘಾಟಿಯ ಆಸುಪಾಸಿನದೆಂದು ವಿದ್ವಾಂಸರ ಅಭಿಪ್ರಾಯ. ಅಲ್ಲಿಂದ ಉತ್ತರಕ್ಕೆ ಬಿದ್ದ ಮಳೆ ಜಪಾನ್ ಸಮುದ್ರಕ್ಕೆ, ದಕ್ಷಿಣಕ್ಕೆ ಬಿದ್ದದ್ದು ಕಿಸೊ ನದಿಯಾಗಿ ಪೆಸಿಫಿಕ್ ಸಾಗರಕ್ಕೆ. ನೀರು ಒಪ್ಪುವಂಥ ತೀರ್ಪು. ಆದರೆ ಮುಂದಿನ ಶತಮಾನಗಳಲ್ಲಿ, ಕುದುರೆ ಏರಿದ ಯೋಧ ಮನೆತನಗಳ ಕಾಲದಲ್ಲಿ, ಕಿಸೊ ಮೆಲ್ಲಮೆಲ್ಲನೆ ಶಿನಾನೊದ ಪಾಲಾಯಿತು. ಗಡಿಯು ಬೆಟ್ಟದಿಂದ ಕೆಳಗಿಳಿದು ಮಾಗೊಮೆಯ ಕೆಳಬದಿಗೆ ಬಂದು ನಿಂತಿತು.

ನಕತ್ಸುಗಾವಾ ನಿಲ್ದಾಣದಲ್ಲಿ ಇಳಿದು ಬಸ್ಸು ಹಿಡಿದರೆ ಇಪ್ಪತ್ತೈದು ನಿಮಿಷದಲ್ಲಿ ಮಾಗೊಮೆ. ಹಿಂದೆ ಎದೊ (ಇಂದಿನ ತೋಕ್ಯೊ) ಮತ್ತು ಕ್ಯೋತೊ ನಗರಗಳನ್ನು ಪರ್ವತಗಳ ನಡುವಿನಿಂದ ಜೋಡಿಸುತ್ತಿದ್ದ ನಕಾಸೆಂದೊ ಹೆದ್ದಾರಿಯಲ್ಲಿ 69 ತಂಗುದಾಣಗಳಿದ್ದವು; ಅವುಗಳಲ್ಲಿ ಇದು 43ನೆಯದು. ಕಲ್ಲು ಹಾಸಿದ ಒಂದೇ ಒಂದು ಬೀದಿ, ಅದೂ ಕಡಿದಾದ ಏರು. ಎರಡು ಬದಿಯಲ್ಲೂ ಮರದ ಮನೆಗಳು, ನೀರಿನ ಚಕ್ರ, ಅಂಗಡಿಗಳ ಮುಂದೆ ಕೆಂಡದ ಮೇಲೆ ಸುಡುವ ಗೊಹೆಯಿ-ಮೋಚಿಯ ಪರಿಮಳ. ಅದು ಅನ್ನವನ್ನು ಅರೆಬರೆ ಜಜ್ಜಿ ಕಡ್ಡಿಗೆ ಮೆತ್ತಿ ಸಿಹಿಖಾರದ ಮೇಲೋಗರ ಸವರಿ ಸುಟ್ಟದ್ದು. ಹಸಿವಾಗಿದ್ದುದರಿಂದ ನಾನು ಎರಡು ತಿಂದೆ.

ಬೀದಿಯ ಮಧ್ಯದಲ್ಲಿ ಸಾಹಿತಿ ಶಿಮಾಜಾಕಿ ತೋಸೋನ್ ಅವರ ಸ್ಮಾರಕ ಭವನವಿದೆ. ಅಲ್ಲಿ ಹಿಂದೆ ಇದ್ದದ್ದು ಅವರ ಪೂರ್ವಿಕರ ಮನೆ. ದಾರಿಯಲ್ಲಿ ಬರುವ ಸಾಮಂತರಿಗೆ ಬಿಡಾರ ಒದಗಿಸುವ ಹೊಣೆ ಆ ಮನೆತನದ್ದಾಗಿತ್ತು. 1895ರ ಬೆಂಕಿಯಲ್ಲಿ ಮನೆ ಸುಟ್ಟುಹೋಯಿತು. ಯುದ್ಧ ಮುಗಿದು ದೇಶ ಬಡತನದಲ್ಲಿದ್ದ 1947ರಲ್ಲಿ ಊರವರು ತಾವೇ ದುಡಿದು ಈ ಭವನವನ್ನು ಎಬ್ಬಿಸಿದರು. ತೋಸೋನ್ ಇಲ್ಲಿ ಹುಟ್ಟಿದ್ದು 1872ರಲ್ಲಿ. ಅವರ ಹುಟ್ಟೂರು ಯಾವ ಪ್ರಿಫೆಕ್ಚರಿನಲ್ಲಿತ್ತು ಎಂದು ಕೇಳಿದರೆ ಉತ್ತರ ನಗಾನೊ ಅಲ್ಲ, ಗಿಫು ಅಲ್ಲ, ಚಿಕುಮಾ. ನಾಲ್ಕೂ ಮುಕ್ಕಾಲು ವರ್ಷ ಬಾಳಿ ಅಳಿದ ಪ್ರಿಫೆಕ್ಚರದು.

ಅದು ಹುಟ್ಟಿದ ಬಗೆ ಹೀಗೆ. ಎದೊ ಕಾಲದಲ್ಲಿ ನಾಡುಗಳು ಹೆಸರಿಗೆ ಮಾತ್ರ ಇದ್ದವು. ನಿಜವಾದ ಆಳ್ವಿಕೆ ಇನ್ನೂರ ಅರುವತ್ತಕ್ಕೂ ಮಿಕ್ಕಿದ ಸಾಮಂತ ಸಂಸ್ಥಾನಗಳದ್ದು. ಕಿಸೊ ಕಣಿವೆಯಂತೂ ಶಿನಾನೊ ನಾಡಿನಲ್ಲಿದ್ದೂ 1615ರಿಂದ ನಗೋಯಾದ ಓವಾರಿ ಸಂಸ್ಥಾನಕ್ಕೆ ಸೇರಿತ್ತು. ಕಾರಣ ಅಲ್ಲಿನ ಮರ. ಕೋಟೆ ಕೊತ್ತಲಗಳಿಗೆ ಬೇಕಾದ ಹಿನೋಕಿ ಮರವನ್ನೂ ಅದನ್ನು ಹೋಲುವ ಇನ್ನು ನಾಲ್ಕು ಜಾತಿಗಳನ್ನೂ ಹಳ್ಳಿಗರು ಮುಟ್ಟುವಂತಿರಲಿಲ್ಲ. ಒಂದು ಮರಕ್ಕೆ ಒಂದು ತಲೆ ಎಂಬ ಮಾತೇ ಆ ಕಣಿವೆಯಲ್ಲಿ ಹುಟ್ಟಿಕೊಂಡಿತು. ಹೀಗಿದ್ದರೂ ಷೋಗುನ್ ಸರಕಾರವು ದೇಶದ ನಕ್ಷೆಗಳನ್ನು ಬರೆಸುವಾಗ ಸಂಸ್ಥಾನವಾರು ಬರೆಸಲಿಲ್ಲ, ನಾಡುವಾರು ಬರೆಸಿತು. ಒಡೆಯ ಯಾರೇ ಇರಲಿ, ನೆಲದ ಹೆಸರು ನಾಡಿನದೇ.

1868ರ ಮೇಜಿ ಕ್ರಾಂತಿಯ ತರುವಾಯ ಹೊಸ ಸರಕಾರವು 1871ರಲ್ಲಿ ಸಂಸ್ಥಾನಗಳನ್ನೆಲ್ಲ ಒಂದೇ ಏಟಿಗೆ ರದ್ದು ಮಾಡಿ ಅವುಗಳನ್ನು ಪ್ರಿಫೆಕ್ಚರುಗಳೆಂದು ಕರೆಯಿತು. ಒಟ್ಟು ಲೆಕ್ಕ 305! ಅದೇ ವರ್ಷದ ಕೊನೆಗೆ ಕೂಡಿಸಿ ಕಳೆದು 75ಕ್ಕೆ ಇಳಿಸಲಾಯಿತು. ಆಮೇಲೂ ಕೂಡಿಸುವುದು, ಬೇರ್ಪಡಿಸುವುದು ನಿಲ್ಲಲಿಲ್ಲ. ತೊಕುಶಿಮಾ 1880ರಲ್ಲಿ, ಫುಕುಯಿ ಮತ್ತು ತೊತ್ತೊರಿ 1881ರಲ್ಲಿ, ನಾರಾ 1887ರಲ್ಲಿ ನೆರೆಮನೆಯಿಂದ ಬಿಡಿಸಿಕೊಂಡು ಹೊರಬಂದವು. ಕೊನೆಗೆ 1888ರಲ್ಲಿ ಕಾಗಾವಾ ಎಹಿಮೆಯಿಂದ ಬೇರೆಯಾದಾಗ ಲೆಕ್ಕ ಹೊಕ್ಕೈದೊ ಸಹಿತ 47ಕ್ಕೆ ನಿಂತಿತು. ಇಂದಿಗೂ ಅಷ್ಟೇ ಇದೆ. ಇಷ್ಟೆಲ್ಲ ಆದರೂ ಹಳೆಯ ನಾಡುಗಳನ್ನು ರದ್ದು ಮಾಡುವ ಆಜ್ಞೆಯೊಂದು ಹೊರಡಲೇ ಇಲ್ಲ. ಬದಲಿಗೆ 1869ರಲ್ಲಿ ಸರಕಾರವು ಹೊಕ್ಕೈದೊ ದ್ವೀಪದಲ್ಲಿ ಹನ್ನೊಂದು ಹೊಸ ನಾಡುಗಳನ್ನು ಹೆಸರಿಸಿತ್ತು! ಯಾರೂ ಕೆಡವದ, ಯಾರೂ ವಾಸಿಸದ ಹಳೆಯ ಮನೆಯಂತೆ ನಾಡುಗಳು ಉಳಿದುಕೊಂಡವು.

ಶಿನಾನೊ ನಾಡು ಈ ಗಲಿಬಿಲಿಯಲ್ಲಿ ಎರಡಾಗಿ ಸೀಳಿತು. ಉತ್ತರ ಮತ್ತು ಪೂರ್ವದ ಭಾಗ ನಗಾನೊ ಪ್ರಿಫೆಕ್ಚರು. ನಡುಭಾಗ ಮತ್ತು ದಕ್ಷಿಣ, ಪಕ್ಕದ ಹಿದಾ ನಾಡಿನ ಸಮೇತ, ಚಿಕುಮಾ ಪ್ರಿಫೆಕ್ಚರು; ಅದರ ರಾಜಧಾನಿ ಮತ್ಸುಮೊತೊ. ತೋಸೋನರ ತಂದೆ ಶಿಮಾಜಾಕಿ ಮಸಾಕಿ ಮಾಗೊಮೆಯ ಮುಖ್ಯಸ್ಥರಾಗಿದ್ದವರು. ಹೊಸ ಯುಗದಲ್ಲಿ ಬೆಟ್ಟದ ಮರಗಳು ಬೆಟ್ಟದವರಿಗೆ ದಕ್ಕಬಹುದೆಂಬ ಭರವಸೆ ಅವರದು. ಆದದ್ದು ಬೇರೆ. ಕಾಡುಗಳೆಲ್ಲ ಸರಕಾರದ ಸೊತ್ತೆಂದು ಘೋಷಣೆಯಾಗಿ ಹಿಂದಿಗಿಂತಲೂ ಬಿಗಿಯಾದ ಬೇಲಿ ಬಿದ್ದಿತು. ಕಣಿವೆಯ ಹಳ್ಳಿಗಳ ಪರವಾಗಿ ಮನವಿ ಬರೆಯಲು ಮುಂದಾದ ಮಸಾಕಿ ಹುದ್ದೆಯನ್ನು ಕಳೆದುಕೊಂಡರು. ಕೊನೆಗೆ ಬುದ್ಧಿ ಕದಡಿ, ಬಂಧಿಸಿಟ್ಟ ಕೋಣೆಯೊಂದರಲ್ಲಿ 1886ರಲ್ಲಿ ತೀರಿಕೊಂಡರು. ಈ ತಂದೆಯ ಬದುಕನ್ನೇ ಆಧರಿಸಿ ತೋಸೋನ್ 1929ರಿಂದ 1935ರ ತನಕ ಧಾರಾವಾಹಿಯಾಗಿ ಬರೆದ ಕಾದಂಬರಿ 'ಯೊಆಕೆಮಾಯೆ'. ಬೆಳಗಾಗುವ ಮುನ್ನ ಎಂಬುದು ಅದರ ಅರ್ಥ. ಆಡಳಿತದ ಮರುವಿಂಗಡಣೆ ಎಂಬ ಒಣ ಮಾತಿನ ಹಿಂದೆ ಎಷ್ಟು ಮನೆಗಳ ಸಂಕಟವಿರುತ್ತದೆ ಎಂಬುದನ್ನು ತಿಳಿಯಬೇಕಾದವರು ಆ ಭವನದ ಮಂಕು ಬೆಳಕಿನಲ್ಲಿ ಅರ್ಧ ಗಂಟೆ ನಿಲ್ಲಬೇಕು.

ಚಿಕುಮಾದ ಕತೆ 1876ರಲ್ಲಿ ಮುಗಿಯಿತು. ಆ ವರ್ಷದ ಜೂನ್ ತಿಂಗಳಲ್ಲಿ ಮತ್ಸುಮೊತೊದಲ್ಲಿದ್ದ ಅದರ ಕಚೇರಿ ಬೆಂಕಿಗೆ ಆಹುತಿಯಾಯಿತು. ಆಗಸ್ಟ್ ತಿಂಗಳಲ್ಲಿ ಪ್ರಿಫೆಕ್ಚರೇ ಇಲ್ಲವಾಯಿತು. ಹಿದಾ ಗಿಫುವಿಗೆ ಹೋಯಿತು, ಉಳಿದದ್ದು ನಗಾನೊಗೆ. ಶಿನಾನೊ ನಾಡು ಮತ್ತೆ ಒಂದೇ ಛಾವಣಿಯ ಕೆಳಗೆ ಬಂದಿತು. ಹೆಸರು ಮಾತ್ರ ನಗಾನೊ.

ಮಾಗೊಮೆಯಾದರೋ ಇನ್ನೂ ಎರಡು ಬಾರಿ ಗಡಿಯ ಆಟಕ್ಕೆ ಸಿಕ್ಕಿತು. 1958ರಲ್ಲಿ ಅದು ಸೇರಿದ್ದ ಮಿಸಾಕಾ ಎಂಬ ಗ್ರಾಮಾಡಳಿತವನ್ನು ಎರಡು ತುಂಡು ಮಾಡಿ, ದೊಡ್ಡ ಪಾಲನ್ನು ಗಿಫುವಿನ ನಕತ್ಸುಗಾವಾ ನಗರಕ್ಕೂ, ಮಾಗೊಮೆ ಮತ್ತು ಅದರ ಆಸುಪಾಸಿನ ಕೇರಿಗಳನ್ನು ನಗಾನೊದ ಯಾಮಾಗುಚಿ ಗ್ರಾಮಕ್ಕೂ ಕೊಟ್ಟರು. ಒಂದೇ ಹಳ್ಳಿಯ ನೆರೆಹೊರೆಯವರು ಒಂದು ಮುಂಜಾನೆ ಎರಡು ಪ್ರಾಂತಗಳ ಪ್ರಜೆಗಳಾಗಿದ್ದರು. ಅರ್ಧ ಶತಮಾನದ ಬಳಿಕ ದೇಶದಾದ್ಯಂತ ಸಣ್ಣ ಗ್ರಾಮಗಳನ್ನು ಪಟ್ಟಣಗಳಿಗೆ ಸೇರಿಸುವ ಅಲೆ ಎದ್ದಾಗ ಯಾಮಾಗುಚಿಯವರು ತಾವೂ ನಕತ್ಸುಗಾವಾಕ್ಕೆ ಸೇರುವುದೆಂದು ಬಹುಮತದಿಂದ ಬಯಸಿದರು. ಅವರ ಕಾರಣ ಸರಳ: ಆಸ್ಪತ್ರೆ, ಸಂತೆ, ಕೆಲಸ ಎಲ್ಲವೂ ಬೆಟ್ಟದ ಕೆಳಗಿನ ನಕತ್ಸುಗಾವಾದಲ್ಲಿ, ನಗಾನೊ ನಗರವೋ ಪರ್ವತಗಳಾಚೆ. ಆಗ ನಗಾನೊದ ಗವರ್ನರಾಗಿದ್ದ ಕಾದಂಬರಿಕಾರ ತನಾಕಾ ಯಾಸುಓ ಇದಕ್ಕೆ ಒಪ್ಪಲಿಲ್ಲ. ಪ್ರಸ್ತಾವವನ್ನು ಸಭೆಯ ಮುಂದಿಡಲು ನಿರಾಕರಿಸಿದರು. ಶಿನಾನೊದ ಮಹಾಸಾಹಿತಿಯ ಹುಟ್ಟೂರು ಗಿಫುವಿನದಾಗುವುದೇ ಎಂಬ ಅಳಲು ಪ್ರಿಫೆಕ್ಚರಿನ ಎಲ್ಲೆಡೆ ಕೇಳಿಬಂತು. ಕೊನೆಗೆ ಸದಸ್ಯರೇ ಪ್ರಸ್ತಾವವನ್ನು ತಂದು 2004ರ ಡಿಸೆಂಬರಿನಲ್ಲಿ ಅಂಗೀಕರಿಸಿದರು. ಪ್ರಿಫೆಕ್ಚರಿನ ಗಡಿ ದಾಟಿದ ಇಂಥ ವಿಲೀನ ಜಪಾನಿನಲ್ಲಿ ನಡೆದು ಸುಮಾರು ಅರ್ಧ ಶತಮಾನವೇ ಆಗಿತ್ತು.

ಸೊಬಾ ಬಡಿಸಿದ ವೃದ್ಧೆಯೊಬ್ಬರಲ್ಲಿ ಮಗಳ ಮೂಲಕ ವಿಚಾರಿಸಿದೆ: ತಾವು ಶಿನಾನೊದವರೋ ಗಿಫುವಿನವರೋ? ಆಕೆ ನಕ್ಕು, ವೈದ್ಯರನ್ನು ಕಾಣಬೇಕಾದರೆ ಗಿಫುವಿನವಳು, ಸೊಬಾ ಮಾರುವಾಗ ಶಿನಾನೊದವಳು ಎಂಬರ್ಥದಲ್ಲಿ ಏನೋ ಹೇಳಿದರು. ಪಾತ್ರೆ ತೆಗೆದುಕೊಂಡು ಹೋಗುವಾಗ ಮಾತ್ರ ಇನ್ನೊಂದು ಮಾತು ಸೇರಿಸಿದರಂತೆ. ಮಗಳು ಅದನ್ನು ಹೊರಗೆ ಬಂದ ಮೇಲೆ ತಿಳಿಸಿದಳು: ಆಕೆಯ ಗಂಡ ಬೇಡವೆಂದೇ ಮತ ಹಾಕಿದ್ದರು, ಹಾಗೆಂದು ಕಡೆಯ ತನಕ ಹೇಳುತ್ತಲೇ ಇದ್ದರು.

ಊರಿನಿಂದ ಎರಡು ಕಿಲೋಮೀಟರಿನಷ್ಟು ಕೆಳಗಿಳಿದರೆ ಶಿಂಚಾಯಾ ಎಂಬ ಕೇರಿ. ಅಲ್ಲಿ ದಾರಿಯ ಬದಿಯಲ್ಲಿ ಎತ್ತರದ ಕಲ್ಲೊಂದು ನಿಂತಿದೆ. ಇಲ್ಲಿಂದ ಉತ್ತರಕ್ಕೆ ಕಿಸೊ ದಾರಿ ಎಂದು ಅದರ ಮೇಲೆ ಕೊರೆದಿದ್ದಾರೆ. ಅಕ್ಷರಗಳು ತೋಸೋನ್ ಇಳಿವಯಸ್ಸಿನಲ್ಲಿ ಊರವರಿಗಾಗಿ ಬರೆದುಕೊಟ್ಟವು. ಹಿಂದೆ ಇದೇ ಶಿನಾನೊ ಮತ್ತು ಮಿನೊ ನಾಡುಗಳ ಗಡಿ. ಆ ಕಲ್ಲಿನ ಒಂದು ಬದಿಯಲ್ಲಿ ಒಂದು ಕಾಲು, ಇನ್ನೊಂದು ಬದಿಯಲ್ಲಿ ಇನ್ನೊಂದು ಕಾಲನ್ನಿಟ್ಟು ಮಗಳು ಚಿತ್ರ ತೆಗೆಸಿಕೊಂಡಳು. ಇಂದು ಎರಡು ಕಾಲೂ ಗಿಫುವಿನಲ್ಲೇ. ಗಡಿಯು ಈ ಕಲ್ಲನ್ನು ಒಂಟಿಯಾಗಿ ಬಿಟ್ಟು, ಊರನ್ನು ದಾಟಿ, ಮೇಲಿನ ಮಾಗೊಮೆ ಘಾಟಿಯನ್ನು ಏರಿ ಕುಳಿತಿದೆ.

ಅಲ್ಲಿ ನಿಂತಿದ್ದಾಗ ನನಗೆ ಊರು ನೆನಪಾಗದಿರಲು ಸಾಧ್ಯವಿರಲಿಲ್ಲ. ಮಂಜೇಶ್ವರದ ಗೋವಿಂದ ಪೈಗಳು ಜಪಾನಿನ ನೋ ನಾಟಕಗಳನ್ನು ಕನ್ನಡಕ್ಕೆ ತಂದವರು. ಮದರಾಸು ಸರಕಾರದಿಂದ ರಾಷ್ಟ್ರಕವಿ ಎನಿಸಿಕೊಂಡವರು. 1956ರ ನವೆಂಬರ್ ಒಂದರಂದು ಅವರು ತಮ್ಮ ಮನೆಯಲ್ಲೇ ಇದ್ದು ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಿಂದ ಕೇರಳಕ್ಕೆ ಸೇರಿದರು. ಕವಿಯ ಮನೆ ಗಡಿ ದಾಟಿದ ಕತೆ ನಮಗೆ ಹೊಸದೇನಲ್ಲ. ಆದರೆ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ಮಾಗೊಮೆಯ ಮಗು 2005ರ ಫೆಬ್ರವರಿ 14ರಂದು ಶಾಲೆಗೆ ಹೋದಾಗ ಅದರ ಪುಸ್ತಕದ ಭಾಷೆ ಹಿಂದಿನದೇ, ಕಚೇರಿಯ ಅರ್ಜಿಯೂ ಅದೇ ಭಾಷೆಯದು, ಬದಲಾದದ್ದು ವಿಳಾಸ. ನಮ್ಮಲ್ಲಿ ಗೆರೆಯೊಡನೆ ಕಚೇರಿಯ ಭಾಷೆಯೂ ಬದಲಾಯಿತು. ಅಂದಿನಿಂದ ಕಾಸರಗೋಡಿನಲ್ಲಾಗಲಿ ಸೊಲ್ಲಾಪುರದಲ್ಲಾಗಲಿ ಆದವಾನಿಯಲ್ಲಾಗಲಿ ಮಗುವನ್ನು ಯಾವ ಮಾಧ್ಯಮಕ್ಕೆ ಸೇರಿಸುವುದೆಂಬ ಪ್ರಶ್ನೆ ಪ್ರತಿ ಜೂನ್ ತಿಂಗಳಿಗೂ ಎದುರಾಗುತ್ತದೆ. ಆ ವೃದ್ಧೆ ನಕ್ಕಷ್ಟು ಸಲೀಸಾಗಿ ನಾನು ನಗಲಾರೆ ಎನಿಸಿತು. ಮತ್ತೆ ಆಕೆಯ ಗಂಡನ ಮಾತು ನೆನಪಾಗಿ, ಆ ನಗುವೂ ಅಷ್ಟೇನೂ ಸಲೀಸಿನದಾಗಿರಲಿಕ್ಕಿಲ್ಲ ಎಂದುಕೊಂಡೆ.

ಮಾಗೊಮೆಯಿಂದ ಮುಂದಿನ ತಂಗುದಾಣವಾದ ತ್ಸುಮಾಗೊಗೆ ಎಂಟು ಕಿಲೋಮೀಟರು ಕಾಲ್ದಾರಿ. ಸೀಡರ್ ಮರಗಳ ನಡುವೆ ಅಲ್ಲಲ್ಲಿ ಗಂಟೆ ತೂಗುಹಾಕಿದ್ದಾರೆ. ಕರಡಿಗಳನ್ನು ದೂರವಿಡಲು ದಾರಿಹೋಕರು ಬಾರಿಸಬೇಕು. ನಾನು ಅಗತ್ಯಕ್ಕಿಂತ ಹೆಚ್ಚು ಬಾರಿಸಿದೆನೆಂದು ಮಗಳ ಆಕ್ಷೇಪ. ಸುಮಾರು 790 ಮೀಟರು ಎತ್ತರದ ಘಾಟಿಯ ತಲೆಯಲ್ಲಿ ಈಗಿನ ಗಡಿಯಿದೆ. ಪಹರೆ ಇಲ್ಲ, ಗೇಟು ಇಲ್ಲ. ಅತ್ತ ಇಳಿದರೆ ಹಳೆಯ ಚಹಾದ ಮನೆ. ಬಂದವರಿಗೆ ಒಂದು ಲೋಟ ಬಿಸಿ ಚಹಾ ಕೊಡುತ್ತಾರೆ. ಅದು ನಗಾನೊ.

ತ್ಸುಮಾಗೊದಿಂದ ನಾಗಿಸೊ ನಿಲ್ದಾಣಕ್ಕೆ ಹೋಗಿ ಮತ್ಸುಮೊತೊಗೆ ರೈಲು ಹಿಡಿದೆವು. ಕೋಟೆಯನ್ನು ನೋಡುವವರು ಸಾವಿರಾರು ಮಂದಿ. ನಾನು ಹೋದದ್ದು ಅದರ ಸಮೀಪದ ಕೈಚಿ ಶಾಲೆಗೆ. ಎಂಟು ಮೂಲೆಯ ಗೋಪುರ, ಬಾಗಿಲ ಮೇಲೆ ದೇವದೂತ ಶಿಶುಗಳು, ಅವರ ಕೆಳಗೆ ಜಪಾನಿ ಡ್ರಾಗನ್. ತಚ್ಚ ತತೆಯಿಶಿ ಸೆಯಿಜು ಪಾಶ್ಚಾತ್ಯ ಕಟ್ಟಡಗಳನ್ನು ನೋಡಿ ಬಂದು ತನ್ನ ಕೈಗೆ ಬಂದಂತೆ ಕಟ್ಟಿದ ವಿಲಕ್ಷಣ ಸೊಬಗು. ಖರ್ಚಾದ ಸುಮಾರು 11,000 ಯೆನ್ನಿನಲ್ಲಿ ಹತ್ತರಲ್ಲಿ ಏಳು ಪಾಲು ಊರವರ ವಂತಿಗೆ. ಶಾಲೆ ಎದ್ದು ನಿಂತದ್ದು 1876ರ ಏಪ್ರಿಲಿನಲ್ಲಿ. ಅದನ್ನು ಕಟ್ಟಿಸಿದ ಚಿಕುಮಾ ಪ್ರಿಫೆಕ್ಚರು ಅಳಿದದ್ದು ಅದೇ ವರ್ಷದ ಆಗಸ್ಟಿನಲ್ಲಿ. ಸರಕಾರ ಹೋಯಿತು, ಶಾಲೆ ಅಲ್ಲಿಂದ ಮುಂದೆ ತೊಂಬತ್ತು ವರ್ಷಕ್ಕೆ ಸಮೀಪ ಮಕ್ಕಳಿಗೆ ಪಾಠ ಹೇಳಿತು. 2019ರಲ್ಲಿ ಅದಕ್ಕೆ ರಾಷ್ಟ್ರೀಯ ನಿಧಿಯ ಮನ್ನಣೆ ಸಂದಿದೆ.

ರಾಜಧಾನಿಯನ್ನು ಕಳೆದುಕೊಂಡ ಮತ್ಸುಮೊತೊ ಮಾತ್ರ ಸಮಾಧಾನಗೊಳ್ಳಲಿಲ್ಲ. ಪ್ರಿಫೆಕ್ಚರನ್ನು ಎರಡಾಗಿ ಒಡೆಯಬೇಕು ಎಂಬ ಕೂಗು ಮತ್ತೆ ಮತ್ತೆ ಎದ್ದಿತು. 1949ರಲ್ಲಿ ವಿಶ್ವವಿದ್ಯಾಲಯ ಸ್ಥಾಪನೆಯಾದಾಗ ಅದಕ್ಕೆ ನಗಾನೊ ಎಂಬ ಹೆಸರು ಬರಲಿಲ್ಲ. ಶಿನಾನೊದ ಇನ್ನೊಂದು ಹೆಸರಾದ ಶಿನ್‌ಶೂ ಎಂದೇ ಇಟ್ಟು ಮುಖ್ಯ ಕಚೇರಿಯನ್ನು ಮತ್ಸುಮೊತೊದಲ್ಲಿ ಸ್ಥಾಪಿಸಿದರು. ಅದರ ಹಿಂದಿನ ವರ್ಷ ಒಡಕು ತುದಿಮುಟ್ಟಿತ್ತು. 1948ರಲ್ಲಿ ನಗಾನೊದ ಆಡಳಿತ ಕಚೇರಿಯ ಒಂದು ಭಾಗ ಬೆಂಕಿಗೆ ಸಿಕ್ಕಿತು. ಕಚೇರಿಯನ್ನು ಸ್ಥಳಾಂತರಿಸಿ, ಇಲ್ಲವೇ ಪ್ರಿಫೆಕ್ಚರನ್ನೇ ಒಡೆಯಿರಿ ಎಂಬ ಪ್ರಸ್ತಾವ ಸಭೆಯ ಮುಂದೆ ಬಂತು. ಒಡೆಯುವ ಪಕ್ಷಕ್ಕೆ ಬಹುಮತವಿರುವಂತೆ ಕಾಣುತ್ತಿದ್ದಾಗ, ಸಭಾಂಗಣದಲ್ಲಿ ಕುಳಿತು ನೋಡುತ್ತಿದ್ದ ಜನ 'ಶಿನಾನೊ ನೊ ಕುನಿ', ಅಂದರೆ ಶಿನಾನೊ ನಾಡು ಎಂಬ ಹಾಡನ್ನು ಹಾಡತೊಡಗಿದರೆಂದೂ, ಹಾಡು ಸಭೆಯನ್ನೆಲ್ಲ ಆವರಿಸಿತೆಂದೂ, ಪ್ರಸ್ತಾವ ಅಲ್ಲಿಗೆ ಬಿದ್ದುಹೋಯಿತೆಂದೂ ಆ ಕಡೆಯವರು ಇಂದಿಗೂ ಹೇಳುತ್ತಾರೆ.

ಆ ಹಾಡಿನ ಮೂಲ ತಿಳಿದಾಗ ಉಪಾಧ್ಯಾಯನಾದ ನನಗೆ ಆದ ಹಿಗ್ಗು ಅಷ್ಟಿಷ್ಟಲ್ಲ. ಅದು ಯುದ್ಧಗೀತೆಯಲ್ಲ, ಚಳವಳಿಯ ಹಾಡೂ ಅಲ್ಲ, ಭೂಗೋಳ ಪಾಠ! ನಗಾನೊದ ಶಿಕ್ಷಕರ ತರಬೇತಿ ಶಾಲೆಯ ಮೇಷ್ಟರಾದ ಅಸಾಯಿ ರೆತ್ಸು 1899ರಲ್ಲಿ ಅದನ್ನು ಬರೆದರು. ಮರುವರ್ಷ ಅವರ ಸಹೋದ್ಯೋಗಿ ಕಿತಾಮುರಾ ಸುಎಹಾರು ಇಂದಿನ ರಾಗವನ್ನು ಜೋಡಿಸಿದರು. ನಾಡಿನ ಸುತ್ತಲಿನ ಸೀಮೆಗಳು, ಬೆಟ್ಟಗಳು, ನದಿಗಳು, ಬಯಲುಗಳು, ರೇಷ್ಮೆಯ ಕಸುಬು, ಹೆಸರಾಂತ ಪುರುಷರು, ಕೊನೆಗೆ ರೈಲು ಹಾದಿ, ಇವೆಲ್ಲವೂ ಆರು ಪದ್ಯಗಳಲ್ಲಿ ಸಾಲಾಗಿ ಬರುತ್ತವೆ. ಬರೆದವರು ಹುಟ್ಟಿದ್ದು ಮತ್ಸುಮೊತೊದಲ್ಲಿ, ಕಲಿಸಿದ್ದು ನಗಾನೊದಲ್ಲಿ. ತರಬೇತಿ ಮುಗಿಸಿದ ತರುಣ ಶಿಕ್ಷಕರು ಅದನ್ನು ಕಣಿವೆ ಕಣಿವೆಗಳ ಶಾಲೆಗಳಿಗೆ ಕೊಂಡೊಯ್ದರು. ಎರಡು ತಲೆಮಾರಿನ ಮಕ್ಕಳು ಅದನ್ನು ಹಾಡಿಯೇ ಬೆಳೆದರು. 1948ರ ಸಭೆಯಲ್ಲಿ ಕುಳಿತಿದ್ದವರು ಒಂದು ಕಾಲಕ್ಕೆ ಆ ತರಗತಿಗಳ ಬೆಂಚಿನ ಮೇಲೆ ಕುಳಿತಿದ್ದವರೇ. 1968ರಲ್ಲಿ ಅದು ಪ್ರಿಫೆಕ್ಚರಿನ ಅಧಿಕೃತ ಗೀತೆಯಾಯಿತು. ಅದರಲ್ಲಿ ಕಿಸೊ ಕಣಿವೆಯ ಹೆಸರೂ ಇದೆ.

ನಗೋಯಾಕ್ಕೆ ಮರಳುವಾಗ ಸಂಜೆಯಾಗಿತ್ತು. ಅದೇ 'ಶಿನಾನೊ' ರೈಲು. ನರಾಯಿ ದಾಟಿದ ಮೇಲೆ ಗಾಡಿ ತೊರಿಯಿ ಬೆಟ್ಟದ ಸುರಂಗವನ್ನು ಹೊಕ್ಕಿತು. 879ರ ಗಡಿ ನಮ್ಮ ತಲೆಯ ಮೇಲೆ ಎಲ್ಲೋ ಹಾದುಹೋಯಿತು. ಸುರಂಗದಿಂದ ಹೊರಬಂದಾಗ ಬಲಗಡೆ ಎಡಗಡೆಯೆಂದು ಹೊರಳುತ್ತ ಕಿಸೊ ನದಿ ಜೊತೆಗೂಡಿತು. ನಾಗಿಸೊ ಬಿಟ್ಟ ತರುವಾಯ ಇಂದಿನ ಗಡಿಯನ್ನಾದರೂ ಹಿಡಿಯಬೇಕೆಂದು ನಾನು ಕಿಟಕಿಗೆ ಹಣೆ ಹಚ್ಚಿ ಕುಳಿತೆ. ಬಂಡೆ, ನೀರು, ಮರ, ದೀಪ ಹಚ್ಚಿದ ಒಂದೆರಡು ಮನೆ. ನಿದ್ದೆ ತೂಗುತ್ತಿದ್ದ ಮಗಳನ್ನು ಎಬ್ಬಿಸಿ, ಗಡಿ ಬಂತೇ ಎಂದು ಕೇಳಿದೆ. ಆಕೆ ಹೊರಗೆ ನೋಡಿದಳು. ಸಕಾಶಿತಾ ಎಂಬ ನಿಲ್ದಾಣದ ಫಲಕ ಸರ್ರನೆ ಹಿಂದೆ ಸರಿಯಿತು. ಅದು ಆಗಲೇ ದಾಟಿತಪ್ಪಾ ಎಂದು ಹೇಳಿ ಮತ್ತೆ ಕಣ್ಣು ಮುಚ್ಚಿದಳು.